ಎರಡು ಸಲ ತಟ್ಟಿದರೆ

ಗೋಣಿಕೊಪ್ಪದ ಸ್ಟ್ಯಾಂಡಿನಲ್ಲಿ ಇಪ್ಪತ್ತೆರಡು ವರ್ಷ
ಇವರ ಗಂಟಲೇ ನಮ್ಮ ಮನೆಯ ಅನ್ನ.
ಪೊನ್ನಂಪೇಟೆ, ಹುದಿಕೇರಿ, ಶ್ರೀಮಂಗಲ, ಕುಟ್ಟ ಕುಟ್ಟ ಕುಟ್ಟಾ...
ಸಂತೆಯ ಗದ್ದಲ ಸೀಳಿಕೊಂಡು
ಮೀನಿನಂಗಡಿಯಾಚೆ ನಿಂತ ನನಗೂ ಕೇಳುತ್ತಿತ್ತು.
ಮದುವೆಯ ಹೊಸತರಲ್ಲಿ ನಾಚಿಕೆ,
ಆಮೇಲಾಮೇಲೆ ಗಡಿಯಾರ.

ಆ ಗಂಟಲನ್ನು ಮೈಸೂರಿನಲ್ಲಿ ತೆಗೆದರು.
ಕತ್ತಿನ ಬುಡದಲ್ಲೊಂದು ತೂತು, ನಾಲ್ಕಾಣೆಯಗಲ,
ಉಸಿರು ಈಗ ಅಲ್ಲಿಂದ ಹೋಗಿ ಬರುತ್ತದೆ
ಹಿತ್ತಿಲ ಬಾಗಿಲು ಹಿಡಿದ ನೆಂಟನ ಹಾಗೆ.
ಹಳೆಯ ಪಂಚೆ ಹರಿದು, ಅಂಚು ಮಡಿಸಿ,
ಅದಕ್ಕೊಂದು ಪರದೆ ಹೊಲಿದಿದ್ದೇನೆ.

ಮಗಳು ದೇಚು ಸ್ಲೇಟು ತಂದುಕೊಟ್ಟಳು. ಒಪ್ಪಲಿಲ್ಲ.
ಟಿಕೆಟ್ಟು ಬರೆದು ಬರೆದು ಸಾಕಾಗಿದೆ ಎನ್ನುವಂತೆ ಕೈಯಾಡಿಸಿ
ಜೇಬಿನಿಂದೊಂದು ಎರಡು ರೂಪಾಯಿ ನಾಣ್ಯ ತೆಗೆದು
ಮಂಚದ ಕಬ್ಬಿಣಕ್ಕೆ
ಟಕ್.
ಮನೆಯೆಲ್ಲ ನಿಂತಿತು.
ಟಕ್ ಟಕ್.
ಮನೆಯೆಲ್ಲ ಹೊರಟಿತು.

ಒಂದಕ್ಕೆ ಸ್ಟಾಪು, ಎರಡಕ್ಕೆ ರೈಟ್.
ಕಲಿಯಲು ನಮಗೆ ಅರ್ಧ ದಿನ ಹಿಡಿಯಿತು.
ಮೂಗಿನ ನಳಿಗೆಗೆ ಗಂಜಿಯ ಸಿರಿಂಜು ಒತ್ತುವಾಗ
ಬಿಸಿಯಿದ್ದರೆ ಒಂದು.
ಅತ್ತೆ ಗುರುಕಾರೋಣನಿಗೆ ಹರಕೆ ಹೇಳುತ್ತ
ನಾಲ್ಕು ತಲೆಮಾರು ಹಿಂದಕ್ಕೆ ಹೋಗಿಬಿಟ್ಟರೆ ಒಂದು.
ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ನಾನು ಅಳುವುದು
ಗೋಡೆಯಾಚೆ ಹೇಗೋ ಕೇಳಿಸಿ,
ಒಂದು. ತುಂಬ ಮೆಲ್ಲಗೆ.
ನಿಲ್ಲಿಸಿದೆ ಎಂದಲ್ಲ.
ನಲ್ಲಿ ಜೋರು ಮಾಡಿದೆ.

ಇನ್ನು ಮೂವತ್ತಮೂರು ಕರೆಂಟು ಅಂದರು.
ತೊಂಬತ್ತು ಕಿಲೋಮೀಟರು ಹೋಗಿ, ಹತ್ತು ನಿಮಿಷ ಮಲಗಿ,
ತೊಂಬತ್ತು ಕಿಲೋಮೀಟರು ಬರುವುದು.
ಬಸ್ಸು ಬೇಡ, ಧೂಳು ಅಂದರು ಡಾಕ್ಟರು.
ಬಸ್ಸಿನವನಿಗೆ ಬಸ್ಸು ಬೇಡ!
ಬಾಡಿಗೆ ಕಾರಿನ ಲೆಕ್ಕ ಕ್ಯಾಲೆಂಡರಿನ ಹಿಂದೆ ಬರೆದು
ನಾನೇ ಗೀಚಿ ಹಾಕಿದೆ.

ಯಾರು ಹೇಳಿದರೋ, ನಾನಂತೂ ಅಲ್ಲ,
ಸೋಮವಾರ ನಸುಕಿನ ನಾಲ್ಕೂವರೆಗೆ ಅಂಗಳದಲ್ಲಿ ಜೀಪು.
ಸ್ಟೇರಿಂಗಿನ ಹಿಂದೆ ಇವರ ಅಣ್ಣ, ಬೆಳ್ಯಪ್ಪ ಭಾವ.
ಒಂದು ಸಾಲು ಸಿಲ್ವರ್ ಮರ ಯಾರದೆಂದು
ಒಂಬತ್ತು ವರ್ಷ ಮಾತಿಲ್ಲ;
ಪುತ್ತರಿಯ ರಾತ್ರಿ ಒಂದೇ ಗದ್ದೆಯಲ್ಲಿ ಕದಿರು ಕೊಯ್ದು
ಬೇರೆ ಬೇರೆ ಬದು ಹತ್ತಿ ಹೋದವರು.

ಆವತ್ತೂ ಮಾತಾಡಲಿಲ್ಲ.
ಒಬ್ಬರಿಗೆ ಆಗದು, ಇನ್ನೊಬ್ಬರಿಗೆ ಬಾರದು.
ಹಿಂದೆ, ಕಾಳುಮೆಣಸಿನ ಘಾಟಿನಲ್ಲಿ, ಫೈಲು ಅಪ್ಪಿಕೊಂಡು
ಇಬ್ಬರ ಕತ್ತನ್ನೂ ನೋಡುತ್ತ ಹೋದೆ. ಒಂದೇ ಅಚ್ಚು.
ವಾರದಿಂದ ವಾರಕ್ಕೆ ಒಂದು ಮಾತ್ರ
ಸುಟ್ಟ ರೊಟ್ಟಿಯಂತೆ ಕಪ್ಪಾಗುತ್ತಿತ್ತು.
ಹುಣಸೂರಿನಲ್ಲಿ ಭಾವ ಟೀಗೆ ಇಳಿಯುತ್ತಿರಲಿಲ್ಲ.
ಕೇಳಿದರೆ, ಗ್ಯಾಸ್ಟ್ರಿಕ್ಕು ಅಂದರು.

ಹತ್ತೊಂಬತ್ತನೆಯ ದಿನ ಇವರು ಮೆಟ್ಟಿಲ ಮೇಲೆ ಕೂತುಬಿಟ್ಟರು.
ಕಲ್ಲಿಗೆ ನಾಣ್ಯ ಒಮ್ಮೆ ಹೊಡೆದು
ಅಲ್ಲೇ ಇಟ್ಟರು.
ಸಾಕು ಎನ್ನುವುದಕ್ಕೆ ನಮ್ಮ ಭಾಷೆಯಲ್ಲಿ
ಬೇರೆ ಸದ್ದಿರಲಿಲ್ಲ.
ಅತ್ತೆ ಬೇಡಿಕೊಂಡರು. ದೇಚು ಬೈದಳು.
ನಾನು ಚಪ್ಪಲಿ ಮೆಟ್ಟಿ ಸುಮ್ಮನೆ ನಿಂತಿದ್ದೆ.

ಆಗ ಜೀಪಿನೊಳಗಿಂದ, ಕಟ್ಟಿಕೊಂಡ, ಅಭ್ಯಾಸವಿಲ್ಲದ ದನಿ:
ತಿತಿಮತಿ... ಆನೆಚೌಕೂರು... ಹುಣಸೂರು... ಪಂಚವಳ್ಳೀ...
ಅರವತ್ತು ದಾಟಿದ ಮನುಷ್ಯ, ಆ ಕತ್ತಲಲ್ಲಿ,
ಒಬ್ಬನೇ ಒಬ್ಬ ಪ್ಯಾಸೆಂಜರಿಗೆ.

ಇವರು ತಲೆಯೆತ್ತಿದರು.
ಪಂಚವಳ್ಳಿ ಹುಣಸೂರಿಗಿಂತ ಮೊದಲು ಬರುತ್ತದೆ.
ಏನೆಲ್ಲ ಸಹಿಸಿಕೊಂಡ ಕಂಡಕ್ಟರಿಗೆ
ಇದೊಂದನ್ನು ಸಹಿಸಲಾಗಲಿಲ್ಲ.
ಎದ್ದು, ಮುಂದಿನ ಸೀಟು ಹತ್ತಿ, ಬೆರಳು ಮಡಿಸಿ
ಸಿಟ್ಟಿನಿಂದ ಒಂದೇ ಒಂದು ಟಕ್.
ಭಾವ ಮೊದಲಿಂದ ಹೇಳಿದರು.
ಪಂಚವಳ್ಳಿ. ಆಮೇಲೆ ಹುಣಸೂರು.
ದನಿ ನಡುಗಿದ್ದು ಚಳಿಗೆ ಎಂದುಕೊಂಡೆವು.

ಸ್ವಲ್ಪ ಹೊತ್ತು ಇಂಜಿನ್ನಿನದೇ ಸದ್ದು.
ಕ್ಯಾಲೆಂಡರಿನಲ್ಲಿ ಇನ್ನೂ ಹದಿನೈದು ಚೌಕ.
ನಾಣ್ಯ ಮೆಟ್ಟಿಲ ಮೇಲೆಯೇ ಇತ್ತು;
ಬರಿಗೈಯ ಗೆಣ್ಣಿನಿಂದ
ಬಾಗಿಲ ತಗಡಿಗೆ
ಟಕ್

ಟಕ್